ಕ್ರಿಸ್ಮಸ್ ರಜೆಗೆ ಮೊದಲು ನಮ್ಮ ಶಾಲೆಯ ಟೀಚರ್‌ಗಳಿಗೆ, ಅಡುಗೆಯಕ್ಕಂದಿರಿಗೆ, ಮಕ್ಕಳಿಗೆ ಏನು ಮಾಡಬಹುದು?

ಬಜಪೆಯ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಇಬ್ಬರು ಮಕ್ಕಳು ಇಲ್ಲೇ ಹತ್ತಿರದ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ದೊಡ್ಡವಳು ನಾಲ್ಕನೇ ಕ್ಲಾಸು, ಸಣ್ಣವನು ಎರಡನೇ ಕ್ಲಾಸು. ಸರಕಾರದ ಸಂಬಳ ಬರುವ ಟೀಚರ್ ಇಬ್ಬರೇ. ಉಳಿದ ಮೂವರು ಗೌರವ ಶಿಕ್ಷಕಿಯರು, ಅವರಿಗೆ ಆಡಳಿತ ಮಂಡಳಿ ಮತ್ತು ಹಳೆ ವಿದ್ಯಾರ್ಥಿಗಳು ಸೇರಿ ಏನೋ ಒಂದಷ್ಟು ಕೊಡುತ್ತಾರೆ. ನಮ್ಮದು ಚರ್ಚಿನವರ ಶಾಲೆ, ಹಾಗಾಗಿ ದಸರಾ ರಜೆಯಲ್ಲಿ ಕೆಲವು ದಿನ ಕಡಿಮೆ ಮಾಡಿಕೊಂಡು ಕ್ರಿಸ್ಮಸ್‌ಗೆ ರಜೆ ಕೊಡುತ್ತಾರೆ. ಅದಕ್ಕೆ ಇನ್ನು ಮೂರು ವಾರ ಉಂಟು.

ಮೊನ್ನೆ ಮಗನ ಮರೆತುಹೋದ ಟಿಫಿನ್ ಡಬ್ಬ ತರಲು ಸಂಜೆ ಐದೂವರೆಗೆ ಶಾಲೆಗೆ ಹೋದೆ. ಒಂದನೇ ಕ್ಲಾಸಿನ ಟೀಚರ್ ನೆಲದ ಮೇಲೆ ಕುಳಿತುಕೊಂಡು ವಾರ್ಷಿಕೋತ್ಸವದ ಡ್ಯಾನ್ಸಿಗೆ ರಟ್ಟಿನ ಚಿಟ್ಟೆ ರೆಕ್ಕೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ತಿದ್ದದ ಪುಸ್ತಕದ ರಾಶಿ. ಸ್ವರ ಪೂರ್ತಿ ಕಟ್ಟಿಹೋಗಿತ್ತು. ನಾನು "ಟೀಚರೇ, ಮನೆಗೆ ಹೋಗಲಿಲ್ವಾ?" ಎಂದು ಕೇಳಿದ್ದಷ್ಟೇ, ಅವರ ಕಣ್ಣಲ್ಲಿ ನೀರು ಬಂತು. ನನಗೆ ಏನು ಹೇಳಬೇಕು ಎಂದೇ ಗೊತ್ತಾಗಲಿಲ್ಲ. ಸುಮ್ಮನೆ ಕುಳಿತುಕೊಂಡು ಒಂದು ಹತ್ತು ರೆಕ್ಕೆ ಕತ್ತರಿಸಿ ಕೊಟ್ಟು ಬಂದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು "ಮಗುವಿಗೆ 300 ರೂಪಾಯಿ ಹಾಕೋಣ, ಎಲ್ಲ ಟೀಚರ್‌ಗಳಿಗೆ ಒಂದೇ ಬಣ್ಣದ ಸೀರೆ ಕೊಡೋಣ" ಎಂದಿದ್ದಾರೆ. ತುಂಬ ಜನ ಹೂಂ ಎಂದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದು ನನಗೆ ಗೊತ್ತು. ಆದರೆ ಆ ದಿನ ನೋಡಿದ ಮೇಲೆ ಅವರಿಗೆ ಸೀರೆ ಬೇಕಾ, ಬೇರೆ ಏನಾದರೂ ಬೇಕಾ ಎಂದು ಯೋಚನೆ ಬರುತ್ತಿದೆ. ಅಡುಗೆ ಮಾಡುವ ಇಬ್ಬರು ಅಕ್ಕಂದಿರನ್ನಂತೂ ಪಟ್ಟಿಯಲ್ಲಿ ಯಾರೂ ಸೇರಿಸಿಯೇ ಇಲ್ಲ. ಮಕ್ಕಳೂ ಈ ತಿಂಗಳು ಸ್ವಲ್ಪ ಹಠಮಾರಿಗಳಾಗಿದ್ದಾರೆ, ನನ್ನ ಮಗನೇ ದಿನಾ ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾನೆ. ನಿಮ್ಮ ಕಡೆ ರಜೆಗೆ ಮೊದಲು ಏನಾದರೂ ಮಾಡಿದ್ದೀರಾ? ನೀವು ಟೀಚರ್ ಆಗಿದ್ದರೆ ದಯವಿಟ್ಟು ನಿಜ ಹೇಳಿ, ನಿಮಗೆ ಏನು ಬೇಕು?

---

ನಲಿಕಲಿ ಟೀಚರ್, ಉಡುಪಿ ಕಡೆ:

ಅಕ್ಕ, ನೀವು ಕತ್ತರಿಸಿ ಕೊಟ್ಟ ಆ ಹತ್ತು ರೆಕ್ಕೆ ಇದೆಯಲ್ಲ, ಅದನ್ನು ಆ ಟೀಚರ್ ನಿವೃತ್ತಿಯಾಗುವವರೆಗೂ ಮರೆಯುವುದಿಲ್ಲ. ನಾನು ಹದಿನೇಳು ವರ್ಷದಿಂದ ಒಂದರಿಂದ ಮೂರನೇ ಕ್ಲಾಸಿನ ನಲಿಕಲಿ, ಅಂದರೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪಾಠ, ಮಾಡುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಡಿಸೆಂಬರ್ ಯಾಕೆ ಇಷ್ಟು ಭಾರ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಜೂನ್‌ನಿಂದ ಮಳೆ. ರೆಡ್ ಅಲರ್ಟ್ ಬಂದ ದಿನ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಅದು ಕೊಡಲೇಬೇಕಾದ್ದು, ಹಳ್ಳಿ ಮಕ್ಕಳು ತೋಡು ದಾಟಿ ಬರಬೇಕು. ಆದರೆ ಆ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಪಾಠ ಮಾಡಿ ತುಂಬಿಸಬೇಕಾಗುತ್ತದೆ. ಈ ಸಲ, 2025ರಲ್ಲಿ, ಅದರ ಮೇಲೆ ಸೆಪ್ಟೆಂಬರ್ ಕೊನೆಯಿಂದ ಸರಕಾರದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಮಕ್ಕಳಿಗೆ ರಜೆ, ನಮಗೆ ಮನೆ ಮನೆ ತಿರುಗುವ ಕೆಲಸ. ತಪ್ಪಿದ ಪಾಠಗಳಿಗೆ ಮತ್ತೆ ಹೆಚ್ಚುವರಿ ಪೀರಿಯಡ್. ಅಂದರೆ ದಸರಾದಲ್ಲಿ ಸಿಗಬೇಕಾಗಿದ್ದ ಉಸಿರು ತುಂಬ ಜನರಿಗೆ ಸಿಗಲೇ ಇಲ್ಲ. ನವೆಂಬರ್‌ನಲ್ಲಿ ಮಕ್ಕಳ ದಿನಾಚರಣೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ. ಡಿಸೆಂಬರ್ ಬಂದರೆ ಎಫ್‌ಎ ಮೂರರ, ಅಂದರೆ ವರ್ಷದ ಮೂರನೇ ಕಿರು ಪರೀಕ್ಷೆಯ ಅಂಕ, ಅದನ್ನು ಆನ್‌ಲೈನಿನಲ್ಲಿ ತುಂಬಿಸುವುದು, ನೆಟ್‌ವರ್ಕ್ ಇಲ್ಲದ ಕಡೆ ರಾತ್ರಿ ಹತ್ತು ಗಂಟೆಗೆ ಮಾಳಿಗೆ ಮೇಲೆ ನಿಂತು ತುಂಬಿಸುವುದು. ಇದೆಲ್ಲದರ ನಡುವೆ ವಾರ್ಷಿಕೋತ್ಸವ.

ನಿಜ ಹೇಳುತ್ತೇನೆ, ನನ್ನ ಕಪಾಟಿನಲ್ಲಿ ಶಾಲೆಯಿಂದ ಸಿಕ್ಕಿದ ಸೀರೆ ಒಂಬತ್ತು ಉಂಟು. ಪ್ರೀತಿಯಿಂದ ಕೊಟ್ಟದ್ದು, ಒಂದನ್ನೂ ಯಾರಿಗೂ ಕೊಟ್ಟಿಲ್ಲ. ಆದರೆ ಡಿಸೆಂಬರ್ ಎಂದರೆ ನನಗೆ ನೆನಪಾಗುವುದು ಸೀರೆ ಅಲ್ಲ. ಮೂರು ವರ್ಷದ ಹಿಂದೆ ನಮ್ಮ ಶಾಲೆಯ ಐದು ತಾಯಂದಿರು, ಒಬ್ಬರು ಅಜ್ಜ ಸೇರಿ ಮಧ್ಯಾಹ್ನದ ಊಟದ ಹೊತ್ತನ್ನು ಎರಡು ವಾರ ತಾವೇ ನೋಡಿಕೊಂಡರು. ದಿನಕ್ಕೆ ಇಬ್ಬರು, ನಲವತ್ತು ನಿಮಿಷ. ಮಕ್ಕಳು ಕೈ ತೊಳೆಯುವುದು, ಸಾಲಲ್ಲಿ ಕುಳಿತುಕೊಳ್ಳುವುದು, ತಟ್ಟೆ ತೊಳೆದಿಡುವುದು, ಆಮೇಲೆ ಅಂಗಳದಲ್ಲಿ ಬೀಳದ ಹಾಗೆ ನೋಡುವುದು, ಇಷ್ಟೇ. ನಾವು ನಾಲ್ಕು ಜನ ಟೀಚರ್ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತು ಊಟ ಮಾಡಿದೆವು. ಬಿಸಿ ಚಹಾ ಬಿಸಿಯಾಗಿರುವಾಗಲೇ ಕುಡಿದೆವು. ಮೊದಲ ದಿನ ಏನು ಮಾತಾಡುವುದು ಎಂದೇ ಗೊತ್ತಾಗದೆ ಸುಮ್ಮನೆ ಕುಳಿತಿದ್ದೆವು. ಪುಸ್ತಕ ತಿದ್ದುವ ಕೆಲಸ ಶಾಲೆಯಲ್ಲೇ ಮುಗಿಯತೊಡಗಿತು. ಸಂಜೆ ನಾನು ನಾಲ್ಕೂವರೆ ಬಸ್ಸಿಗೆ ಹೋದೆ, ನನ್ನ ಮಗಳಿಗೆ ಆಶ್ಚರ್ಯ.

ಆ ಅಜ್ಜ ಮಕ್ಕಳಿಗೆ ತುಳುವಿನಲ್ಲಿ ಪಾಡ್ದನದ, ಅಂದರೆ ಹಳೆ ಜಾನಪದ ಹಾಡಿನ ಕತೆ ಹೇಳುತ್ತಿದ್ದರು. ಊಟ ಬೇಗ ಮುಗಿಸಿ ಅವರ ಸುತ್ತ ಕುಳಿತುಕೊಳ್ಳುತ್ತಿದ್ದರು. ಅದು ನಾವು ಯೋಚಿಸಿದ್ದಲ್ಲ, ಆದರೆ ಮಕ್ಕಳ ಗಲಾಟೆ ಅರ್ಧ ಕಡಿಮೆಯಾಯಿತು.

ಹಾಗಾಗಿ ನೀವು ಮುಖ್ಯ ಶಿಕ್ಷಕಿಯ ಹತ್ತಿರ ಹೋಗಿ ಮೊದಲು ಅನುಮತಿ ಕೇಳಿ. "ಏನಾದರೂ ಸಹಾಯ ಬೇಕಾ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ನಾವು "ಏನೂ ಬೇಡ, ಪರವಾಗಿಲ್ಲ" ಎಂದೇ ಹೇಳುವುದು, ಅದು ಅಭ್ಯಾಸ. "ಸೋಮವಾರದಿಂದ ಮಧ್ಯಾಹ್ನ ನಾವು ಇಬ್ಬರು ಬರುತ್ತೇವೆ, ಆಗಬಹುದಾ?" ಎಂದು ಕೇಳಿ. ವ್ಯತ್ಯಾಸ ನೀವೇ ನೋಡುತ್ತೀರಿ.

ಮಗನ ಹೊಟ್ಟೆನೋವು: ಎರಡು ಮೂರು ದಿನಕ್ಕೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅದರ ಜೊತೆಗೆ ಡ್ಯಾನ್ಸಿನಲ್ಲಿ ಅವನನ್ನು ಎಲ್ಲಿ ನಿಲ್ಲಿಸಿದ್ದಾರೆ, ಅವನಿಗೆ ಇಷ್ಟ ಉಂಟಾ ಎಂದು ಮೆಲ್ಲ ಕೇಳಿ ನೋಡಿ. ಪ್ರಾಕ್ಟೀಸ್ ಶುರುವಾದ ಕೂಡಲೇ ಹೊಟ್ಟೆನೋವು ಬರುವ ಮಕ್ಕಳು ಪ್ರತಿ ವರ್ಷ ಒಬ್ಬಿಬ್ಬರು ಇರುತ್ತಾರೆ. ಅಂಥವರಿಗೆ ನಾನು ಪರದೆ ಎಳೆಯುವ ಕೆಲಸ ಕೊಡುತ್ತೇನೆ. ಎಷ್ಟು ಖುಷಿಯಾಗುತ್ತಾರೆ ಗೊತ್ತಾ!

---

ಕಾರ್ಕಳದವ:

ಸೀರೆಗೆ ದುಡ್ಡು ಎತ್ತುವ ವಿಷಯದಲ್ಲಿ ಒಂದು ಮಾತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೀಗೇ ಒಂದು ವಂತಿಗೆ ಎತ್ತಿದ್ದರು. ಕೊಟ್ಟವರ ಹೆಸರನ್ನು ಬೋರ್ಡಿನ ಮೇಲೆ ಬರೆದರು. ನನ್ನ ಅಪ್ಪ ಆಗ ಕೆಲಸವಿಲ್ಲದೆ ಮನೆಯಲ್ಲಿದ್ದರು. ನಾನು ಮೂರು ದಿನ ಶಾಲೆಗೆ ಹೋಗದೆ ಗೇರು ಗುಡ್ಡೆಯಲ್ಲಿ ಕುಳಿತಿದ್ದೆ. ಮೂವತ್ತು ವರ್ಷ ಆಯಿತು, ಇವತ್ತಿಗೂ ಆ ಬೋರ್ಡು ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಈಗ ಬೋರ್ಡಿನ ಜಾಗದಲ್ಲಿ ವಾಟ್ಸಾಪ್ ಬಂದಿದೆ. ಒಬ್ಬೊಬ್ಬರೇ "300 ಕಳುಹಿಸಿದೆ" ಎಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ, ಹಾಕದವರು ಯಾರು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ದುಡ್ಡು ಎತ್ತುವುದಾದರೆ ಒಂದು ಡಬ್ಬ ಇಡಿ, ಮನಸ್ಸಿದ್ದವರು ಹಾಕಲಿ, ಹೆಸರು ಬೇಡ, ಮೊತ್ತ ಬೇಡ. ದಯವಿಟ್ಟು.

---

ಅಡುಗೆಯವರ ಮಗಳು:

ಅಡುಗೆಯಕ್ಕಂದಿರ ಬಗ್ಗೆ ಕೇಳಿದ್ದೀರಲ್ಲ, ತುಂಬ ಸಂತೋಷ ಆಯಿತು. ನನ್ನ ಅಮ್ಮ ಬಂಟ್ವಾಳ ತಾಲೂಕಿನ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ, ಬಿಸಿಯೂಟ ನಮ್ಮ ಕಡೆಗೆ ಬಂದ ಸಮಯದಿಂದಲೇ. ಬೆಳಗ್ಗೆ ಒಂಬತ್ತಕ್ಕೆ ಹಾಲಿನ ಪುಡಿ ಕರಗಿಸಿ ಹಾಲು ಕಾಯಿಸಬೇಕು. ಶಾಲೆಯಲ್ಲಿ ಹಾಲು ಕೊಡುವ ಈ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟಿನಲ್ಲಿ ಶುರುವಾದದ್ದು, ಮಗುವಿಗೆ 150 ಮಿಲಿ. ಈಗ ವಾರದಲ್ಲಿ ಕೆಲವು ದಿನ ರಾಗಿ ಮಾಲ್ಟ್ ಕೂಡ ಸೇರಿದೆ, ಅದನ್ನು ಗಂಟಾಗದ ಹಾಗೆ ತಿರುವುತ್ತಾ ಇರಬೇಕು. ಆಮೇಲೆ ಅನ್ನ, ಸಾಂಬಾರು. ಮೊಟ್ಟೆ ವಾರಕ್ಕೆ ಆರು ದಿನ ಆದ ಮೇಲೆ ಅದರ ಸಿಪ್ಪೆ ಸುಲಿಯುವ ಕೆಲಸವೂ ದಿನಾ ಉಂಟು. ಕೊನೆಗೆ ದೊಡ್ಡ ದೊಡ್ಡ ಪಾತ್ರೆ ತಿಕ್ಕಿ ತೊಳೆಯುವುದು. ಇಷ್ಟೆಲ್ಲ ಮಾಡಿದರೆ ಗೌರವಧನ, 2025ರ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಜಾಸ್ತಿ ಮಾಡಿದ ಮೇಲೂ, ತಿಂಗಳಿಗೆ ಐದು ಸಾವಿರ ಮುಟ್ಟುವುದಿಲ್ಲ.

ಅಮ್ಮನಿಗೆ ಏನು ಬೇಕು ಎಂದು ನಿನ್ನೆ ರಾತ್ರಿ ನಿಮ್ಮ ಪೋಸ್ಟ್ ಓದಿ ಹೇಳಿ ಕೇಳಿದೆ. ಮೊದಲು ಹೇಳಿದ್ದು "ಗ್ರೈಂಡರ್". ಅವರ ಶಾಲೆಯ ಗ್ರೈಂಡರ್ ಹಾಳಾಗಿ ಎರಡು ತಿಂಗಳು ಆಯಿತು, ತೆಂಗಿನಕಾಯಿ ಮಸಾಲೆಯನ್ನು ಮನೆಯಲ್ಲಿ ಕಡೆದು ಡಬ್ಬದಲ್ಲಿ ತುಂಬಿಸಿ ತೆಗೆದುಕೊಂಡು ಹೋಗುತ್ತಾರೆ. ನನಗೇ ಇದು ಗೊತ್ತಿರಲಿಲ್ಲ, ದಿನಾ ಬೆಳಗ್ಗೆ ಮಿಕ್ಸಿ ಶಬ್ದ ಕೇಳುತ್ತಿತ್ತು, ನಮಗೆ ಎಂದುಕೊಂಡಿದ್ದೆ. ಆಮೇಲೆ ಹೇಳಿದ್ದು ಕುಕ್ಕರಿನ ಗ್ಯಾಸ್ಕೆಟ್, ಬಿಸಿ ಪಾತ್ರೆ ಹಿಡಿಯಲು ದಪ್ಪ ಬಟ್ಟೆ, ಅಡುಗೆ ಕೋಣೆಗೆ ಒಂದು ಒಳ್ಳೆಯ ಬಲ್ಬು. ಗ್ರೈಂಡರ್ ಬಿಟ್ಟು ಉಳಿದದ್ದೆಲ್ಲ ಸೇರಿದರೂ ಒಂದು ಸೀರೆಯ ದುಡ್ಡು ಆಗುವುದಿಲ್ಲ ಅಲ್ವಾ.

ತೆಂಗಿನಕಾಯಿಯ ವಿಷಯವನ್ನೂ ಹೇಳಿದರು. ಈ ವರ್ಷ ಕಾಯಿಯ ರೇಟು ಎಲ್ಲಿಗೆ ಹೋಗಿದೆ ಎಂದು ನಿಮಗೆಲ್ಲ ಗೊತ್ತು. ಶಾಲೆಗೆ ಬರುವ ದುಡ್ಡಿನಲ್ಲಿ ಸಾಂಬಾರಿಗೆ ಕಾಯಿ ಹಾಕುವುದೇ ಕಷ್ಟ. ದೇವಸ್ಥಾನದ ಬ್ರಹ್ಮಕಲಶಕ್ಕೆ ನಾವೆಲ್ಲ ಹೊರೆಕಾಣಿಕೆ ತೆಗೆದುಕೊಂಡು ಹೋಗುತ್ತೇವೆ, ಶಾಲೆಗೆ ಯಾಕೆ ಬೇಡ? ತೋಟ ಇದ್ದವರು ನಾಲ್ಕು ಕಾಯಿ, ಇಲ್ಲದವರು ಒಂದು ಕಟ್ಟು ಬಸಳೆ, ಅದೂ ಇಲ್ಲದವರು ಹಿತ್ತಲಿನ ನಾಲ್ಕು ನುಗ್ಗೆ. ಅಡುಗೆ ಕೋಣೆಯ ಹೊರಗೆ ಇಟ್ಟು ಹೋದರೆ ಆಯಿತು, ಯಾರು ಎಷ್ಟು ತಂದರು ಎಂದು ಯಾರೂ ಲೆಕ್ಕ ಇಡುವುದು ಬೇಡ. ಕಾರ್ಕಳದ ಅಣ್ಣ ಹೇಳಿದ ಮಾತು ಇಲ್ಲಿಗೂ ಸರಿ.

ಇನ್ನೊಂದು. ಹೋದ ವರ್ಷ ಅಮ್ಮನ ಶಾಲೆಯಲ್ಲಿ ರಜೆಗೆ ಮೊದಲಿನ ದಿನ ಪೋಷಕರು ಬಂದು ಅಡುಗೆ ಮಾಡಿದರು. ಪಾಯಸ, ಗಸಿ, ಎಲ್ಲ. ಅಮ್ಮ ಮತ್ತು ಅವರ ಜೊತೆಯ ಅಕ್ಕನನ್ನು ಮಕ್ಕಳ ಸಾಲಿನ ನಡುವೆ ಬಾಳೆಲೆ ಹಾಕಿ ಕುಳಿತುಕೊಳ್ಳಿಸಿ ಬಡಿಸಿದರು. ಅಮ್ಮ ಮನೆಗೆ ಬಂದು ಹೇಳಿದ್ದು, "ಆ ಶಾಲೆಯಲ್ಲಿ ನಾನು ಮೊದಲ ಸಲ ಬಿಸಿ ಅನ್ನ ಉಂಡೆ" ಎಂದು. ದಿನಾ ಎಲ್ಲರಿಗೂ ಬಡಿಸಿ ಮುಗಿಯುವಾಗ ಇವರ ಪಾಲಿನದ್ದು ಆರಿಹೋಗಿರುತ್ತದೆ.

---

ಬಜಪೆಯ ಅಮ್ಮ:

ಓದುತ್ತಾ ಓದುತ್ತಾ ನನಗೆ ಗಂಟಲು ಕಟ್ಟಿತು. ಗ್ರೈಂಡರ್ ಬಗ್ಗೆ ನಾಳೆಯೇ ನಮ್ಮ ಶಾಲೆಯಲ್ಲಿ ಕೇಳುತ್ತೇನೆ.

ನಲಿಕಲಿ ಟೀಚರೇ, ನೀವು ಹೇಳಿದ್ದು ನಿಜ. ಮಗನಿಗೆ ಎದುರಿನ ಸಾಲಿನಲ್ಲಿ ನಿಲ್ಲಲು ಹೆದರಿಕೆಯಂತೆ. ಹೇಳಿದ ಮೇಲೆ ಅತ್ತು ಮುಗಿಸಿ ನಿದ್ದೆ ಮಾಡಿದ. ಮಗಳ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ, ತಂದೆ ತಾಯಿ ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರು. ರಜೆ ಹತ್ತಿರ ಬಂದಷ್ಟೂ ಅವನು ಜಗಳ ಮಾಡುತ್ತಿದ್ದಾನಂತೆ. ಎಲ್ಲರೂ ರಜೆ ಎಂದು ಕುಣಿಯುವಾಗ ಅವನಿಗೆ ಯಾಕೆ ಹಾಗಾಗುತ್ತದೆ?

---

ಮಂಗಳೂರಿನ ಅತಿಥಿ ಶಿಕ್ಷಕಿ:

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಯಾಕೆಂದರೆ ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಥ ಮಕ್ಕಳೇ. ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರು. ಅವರಿಗೆ ರಜೆ ಎಂದರೆ ಕೆಲಸದ ಸೈಟಿನ ಶೆಡ್ಡಿನಲ್ಲಿ ಇಡೀ ದಿನ ತಮ್ಮ ತಂಗಿಯರನ್ನು ನೋಡಿಕೊಂಡು ಕುಳಿತಿರುವುದು. ಹಾಲಿಲ್ಲ, ಮೊಟ್ಟೆ ಇಲ್ಲ, ಮಧ್ಯಾಹ್ನದ ಊಟ ಇಲ್ಲ, ಆಟಕ್ಕೆ ಜೊತೆ ಇಲ್ಲ. ಶಾಲೆ ಇರುವ ದಿನ ಅವನಿಗೆ ಎಲ್ಲ ಉಂಟು. ಅದು ಹತ್ತು ದಿನ ಇಲ್ಲ ಎಂದಾಗ ಮಗು ಏನು ಮಾಡುತ್ತದೆ? ಅದಕ್ಕೆ "ನನಗೆ ಬೇಸರ" ಎಂದು ಹೇಳಲು ಬರುವುದಿಲ್ಲ, ಪಕ್ಕದವನ ಪೆನ್ಸಿಲ್ ಮುರಿಯುತ್ತದೆ.

ಬಂದರಿನ ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳದ್ದೂ ಇದೇ ಕತೆ. ಅಮ್ಮ ಬೆಳಕು ಹರಿಯುವ ಮೊದಲೇ ಮೀನಿಗೆ ಹೋಗುತ್ತಾರೆ, ಅಪ್ಪ ಆಳ ಸಮುದ್ರದ ಬೋಟಿನಲ್ಲಿ ಹತ್ತು ಹನ್ನೆರಡು ದಿನ.

ನಾನು ಮಾಡುವುದು ಇಷ್ಟು. ರಜೆಗೆ ಒಂದು ವಾರ ಮೊದಲೇ ಬೋರ್ಡಿನ ಮೂಲೆಯಲ್ಲಿ ಕ್ಯಾಲೆಂಡರ್ ಬರೆಯುತ್ತೇನೆ. ಯಾವ ದಿನ ಶಾಲೆ ಮುಚ್ಚುತ್ತದೆ, ಯಾವ ದಿನ ತೆರೆಯುತ್ತದೆ, ತೆರೆದ ದಿನ ನಾವು ಮೊದಲು ಏನು ಮಾಡುತ್ತೇವೆ. ತೆರೆಯುವ ದಿನದ ಕೆಲಸವನ್ನು ಒಬ್ಬೊಬ್ಬರಿಗೆ ಈಗಲೇ ಹಂಚುತ್ತೇನೆ. ಜಗಳಗಂಟ ಹುಡುಗನಿಗೆ ಬೀಗದ ಕೈ ತರುವ ಕೆಲಸ. ಅವನಿಗೆ ತಾನು ವಾಪಸ್ ಬರಲೇಬೇಕು ಎಂದು ಗೊತ್ತಿರುತ್ತದೆ. "ರಜೆಯಲ್ಲಿ ಎಲ್ಲಿಗೆ ಹೋದೆ" ಎಂದು ಪ್ರಬಂಧ ಬರೆಸುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಬೇರೆ ಟೀಚರ್‌ಗಳೂ ಬಿಡಬೇಕು ಎಂದು ನನ್ನ ಆಸೆ. ಎಲ್ಲಿಗೂ ಹೋಗದ ಮಗು ಸುಳ್ಳು ಬರೆಯುತ್ತದೆ, ಇಲ್ಲ ಎಂದರೆ ಖಾಲಿ ಹಾಳೆ ಕೊಡುತ್ತದೆ.

ಎಳ್ಳು ಅಮಾವಾಸ್ಯೆಯ ಸಮಯಕ್ಕೆ ಕೆಲವರು ರಜೆಗೆ ಮೊದಲೇ ಊರಿಗೆ ಹೋಗುತ್ತಾರೆ. ಹೊಲದಲ್ಲಿ ಪೂಜೆ, ಚರಗ ಚೆಲ್ಲುವುದು (ನೈವೇದ್ಯದ ಅಡುಗೆಯನ್ನು ಹೊಲಕ್ಕೆ ಚೆಲ್ಲುವುದು), ನೆಂಟರು ಎಲ್ಲ ಸೇರುವುದು, ಅವರಿಗೆ ಅದು ದೊಡ್ಡ ಹಬ್ಬ. ಅಂಥವರನ್ನು "ಯಾಕೆ ರಜೆ ಹಾಕಿದೆ" ಎಂದು ಬೈಯುವುದರಿಂದ ಮಗು ಶಾಲೆ ಬಿಡುವ ದಾರಿ ಹತ್ತಿರ ಆಗುತ್ತದೆ ಅಷ್ಟೇ. ನಾನು ಹೋಗುವ ಮಗುವಿನ ಚೀಲಕ್ಕೆ ಎರಡು ಕತೆ ಪುಸ್ತಕ ಹಾಕಿ, "ಬರುವಾಗ ಸಜ್ಜೆ ರೊಟ್ಟಿ ತಾ, ಚರಗದ ಕತೆ ಎಲ್ಲರಿಗೂ ನೀನೇ ಹೇಳಬೇಕು" ಎನ್ನುತ್ತೇನೆ. ಹೋದವರು ಬಂದಿದ್ದಾರೆ.

ಪೋಷಕರು ಮಾಡಬಹುದಾದ ಒಂದು ದೊಡ್ಡ ಸಹಾಯ ಉಂಟು. ಪ್ರತಿ ಗ್ರಾಮ ಪಂಚಾಯತಿನ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಓದುವ ಬೆಳಕು ಎಂದು ಶುರು ಮಾಡಿದ್ದು. ಆದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ಬೇಕಲ್ಲ? ನಾಲ್ಕು ಜನ ಅಮ್ಮಂದಿರು ಒಂದು ಶನಿವಾರ ಇಡೀ ಕ್ಲಾಸನ್ನು ನಡೆಸಿಕೊಂಡು ಹೋಗಿ ಹೆಸರು ಬರೆಸಿ ಬನ್ನಿ. ರಜೆಯಲ್ಲಿ ಶೆಡ್ಡಿನಲ್ಲಿ ಕುಳಿತುಕೊಳ್ಳುವ ಮಗುವಿಗೆ ಹೋಗಲು ಒಂದು ಜಾಗ ಆಗುತ್ತದೆ.

ನೀರಿನ ವಿಷಯ ಹೇಳದೆ ಮುಗಿಸಲು ನನ್ನಿಂದ ಆಗುವುದಿಲ್ಲ. ನೇತ್ರಾವತಿ, ಫಲ್ಗುಣಿ, ಕಡಲು, ಕಲ್ಲಿನ ಕೋರೆ, ಕಟ್ಟೆ ಇಲ್ಲದ ಬಾವಿ. ರಜೆ ಬಂದರೆ ಮಕ್ಕಳು ನೀರಿಗೆ ಹೋಗುತ್ತಾರೆ. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಸೆಳೆತ ಗೊತ್ತಿಲ್ಲ. ಮಳೆಗಾಲ ಮುಗಿದಿದೆ, ನೀರು ಶಾಂತ ಉಂಟು ಎಂದು ದೊಡ್ಡವರೇ ಮೋಸ ಹೋಗುತ್ತಾರೆ. ಕೊನೆಯ ದಿನ ಕೇಕ್ ಹಂಚುವ ಮೊದಲು ಹತ್ತು ನಿಮಿಷ ಇದನ್ನು ಹೇಳಲೇಬೇಕು: ದೊಡ್ಡವರಿಲ್ಲದೆ ನೀರಿಗೆ ಇಳಿಯಬಾರದು, ಗೆಳೆಯ ಮುಳುಗಿದರೆ ತಾನು ಹಾರಬಾರದು, ಕೂಗಬೇಕು, ಹಗ್ಗವೋ ಉದ್ದದ ಕೋಲೋ ಚಾಚಬೇಕು. ಅದರ ಜೊತೆಗೆ ಮಕ್ಕಳ ಸಹಾಯವಾಣಿ 1098 ನಂಬರನ್ನು ಪ್ರತಿ ಮಗುವಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ಮನೆಯಲ್ಲಿ ಹೊಡೆತ ತಿನ್ನುವ ಮಗುವಿಗೆ ಅದು ಎಂದಾದರೂ ಬೇಕಾಗಬಹುದು.

---

ಹಳೆಯಂಗಡಿ ಅಣ್ಣ:

ಎಲ್ಲ ಒಳ್ಳೆಯದೇ, ಆದರೆ ನನಗೆ ಒಂದು ಒಪ್ಪಿಗೆ ಇಲ್ಲ. ಗ್ರೈಂಡರ್ ರಿಪೇರಿ, ಬಲ್ಬು, ಟೀಚರ್ ಸಂಬಳ, ಇದೆಲ್ಲ ಸರಕಾರ ಮತ್ತು ಆಡಳಿತ ಮಂಡಳಿ ಮಾಡಬೇಕಾದ ಕೆಲಸ. ನಾವು ಪ್ರತಿ ವರ್ಷ ಪ್ರೀತಿಯಿಂದ ತುಂಬಿಸುತ್ತಾ ಹೋದರೆ ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ. ಮೊದಲು ಶಿಕ್ಷಕ ರಕ್ಷಕ ಸಂಘದ ಸಭೆ ಕರೆದು ನಿರ್ಣಯ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ತೆಗೆದುಕೊಳ್ಳಿ.

---

ನಲಿಕಲಿ ಟೀಚರ್, ಉಡುಪಿ ಕಡೆ:

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅರ್ಜಿ ಕೊಡಲೇಬೇಕು, ಪೋಷಕರು ಕೊಟ್ಟರೆ ನಾವು ಕೊಟ್ಟದ್ದಕ್ಕಿಂತ ಬೇಗ ಕೆಲಸ ಆಗುತ್ತದೆ, ಅದೂ ಸತ್ಯ. ಆದರೆ ಗ್ರೈಂಡರಿನ ಅರ್ಜಿ ಸುತ್ತಿ ಬರುವವರೆಗೆ ಆ ಅಮ್ಮ ಮನೆಯಿಂದ ಮಸಾಲೆ ಕಡೆದು ಹೊತ್ತುಕೊಂಡು ಹೋಗಬೇಕಲ್ಲ? ಎರಡೂ ಒಟ್ಟಿಗೆ ಮಾಡೋಣ. ಅರ್ಜಿಯಲ್ಲಿ "ತಾತ್ಕಾಲಿಕವಾಗಿ ಪೋಷಕರು ರಿಪೇರಿ ಮಾಡಿಸಿರುತ್ತಾರೆ" ಎಂದು ಖರ್ಚಿನ ಬಿಲ್ಲಿನ ಪ್ರತಿ ಲಗತ್ತಿಸಿ. ಆಗ ಅದು ದಾಖಲೆ ಆಗುತ್ತದೆ.

ಟೀಚರ್‌ಗಳ ಮನಸ್ಸಿನ ಆರೋಗ್ಯದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಕಣ್ಣಲ್ಲಿ ನೀರು ಬಂದ ಆ ಟೀಚರಿಗೆ ನಿದ್ದೆ ಬರುತ್ತಿಲ್ಲ, ಬೆಳಗ್ಗೆ ಏಳಲು ಮನಸ್ಸೇ ಆಗುತ್ತಿಲ್ಲ ಎಂದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಯಾವ ಹೊತ್ತಿಗೂ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಹೋದ ವರ್ಷ ಮಾಡಿದ್ದೆ. ಇದನ್ನು ಇಲ್ಲಿ ಬರೆಯುವುದಕ್ಕೆ ನನಗೆ ಸಂಕೋಚ ಇಲ್ಲ.

---

ಶಾರ್ಜಾದ ಹಳೆ ವಿದ್ಯಾರ್ಥಿ:

ನಾನು ಮೂಡುಬಿದಿರೆ ಕಡೆಯವನು. ಗೌರವ ಶಿಕ್ಷಕಿಯರ ಬಗ್ಗೆ ಇಲ್ಲಿ ಯಾರೂ ಜಾಸ್ತಿ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಸರಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿ, ಪ್ರಾಥಮಿಕ ಶಾಲೆಯವರಿಗೆ 12 ಸಾವಿರ ಆಯಿತು. ಅನುದಾನಿತ ಶಾಲೆಯ ಗೌರವ ಶಿಕ್ಷಕಿಗೆ ಅದೂ ಇಲ್ಲ, ಸಂಘದವರ ಕೈಯಲ್ಲಿ ಇದ್ದಾಗ ಕೊಡುತ್ತಾರೆ. ಊರಲ್ಲಿ ನಾವು ಹಳೆ ವಿದ್ಯಾರ್ಥಿಗಳು ಹಿಂದೆ ರಂಗಮಂದಿರ ಕಟ್ಟಿಸಿದೆವು, ಮಹಾದ್ವಾರ ಕಟ್ಟಿಸಿದೆವು, ಕಲ್ಲಿನಲ್ಲಿ ಹೆಸರು ಹಾಕಿಸಿದೆವು. ಒಂದು ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನನಗೆ ಗೊತ್ತಾಯಿತು, ಗೌರವ ಶಿಕ್ಷಕಿಗೆ ಅಕ್ಟೋಬರ್‌ನಿಂದ ಏನೂ ಕೊಟ್ಟಿಲ್ಲ, ಆದರೆ ವಾರ್ಷಿಕೋತ್ಸವಕ್ಕೆ ಎಲ್‌ಇಡಿ ಪರದೆ, ಸೌಂಡು, ಶಾಮಿಯಾನ ಎಲ್ಲ ಬುಕ್ ಆಗಿದೆ. ನಾವೇ ದುಡ್ಡು ಕೊಟ್ಟದ್ದು. ಆ ರಾತ್ರಿ ಆಕೆ ಮಕ್ಕಳಿಗೆ ಬಣ್ಣ ಹಚ್ಚುತ್ತಾ ಹನ್ನೊಂದು ಗಂಟೆವರೆಗೂ ನಿಂತಿದ್ದರು.

ಆಮೇಲೆ ನಾವು ಹನ್ನೆರಡು ಜನ ಸೇರಿ ಒಂದು ನಿಯಮ ಮಾಡಿದೆವು. ಡಿಸೆಂಬರ್ 15ರ ಒಳಗೆ ಗೌರವ ಶಿಕ್ಷಕಿಯರ ಬಾಕಿ ಪೂರ್ತಿ ಮುಗಿಯಬೇಕು, ಆ ಮೇಲೆಯೇ ವಾರ್ಷಿಕೋತ್ಸವಕ್ಕೆ ದುಡ್ಡು. ಹಬ್ಬಕ್ಕೆ ಮನೆಯಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಮಾಡಲು, ಮಕ್ಕಳಿಗೆ ಒಂದು ಜೊತೆ ಬಟ್ಟೆ ತೆಗೆಯಲು ಅವರ ಕೈಯಲ್ಲಿ ದುಡಿದ ದುಡ್ಡು ಇರಬೇಕು.

ಕಾರ್ಯಕ್ರಮವನ್ನೂ ಸಣ್ಣ ಮಾಡಿದೆವು. ಮಧ್ಯಾಹ್ನ ಮೂರಕ್ಕೆ ಶುರು, ರಾತ್ರಿ ಎಂಟಕ್ಕೆ ಮುಕ್ತಾಯ. ಭಾಷಣ ಇಬ್ಬರದ್ದೇ. ಸಣ್ಣ ಮಕ್ಕಳ ಡ್ಯಾನ್ಸ್ ಮೊದಲು, ಭಾಷಣ ಆಮೇಲೆ, ಯಾಕೆಂದರೆ ಒಂದನೇ ಕ್ಲಾಸಿನ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಅತಿಥಿಗಳ ಮಾತು ಮುಗಿಯುವವರೆಗೆ ಕಾದು ಕಾದು ನಿದ್ದೆ ಮಾಡುತ್ತಿದ್ದರು. ಬಾಡಿಗೆ ಡ್ರೆಸ್ ಇಲ್ಲ, ಮನೆಯಲ್ಲಿ ಇರುವ ಪಂಚೆ, ಸೀರೆ, ಲಂಗ. ಮರುದಿನ ಕುರ್ಚಿ ಎತ್ತುವುದು, ಅಂಗಳ ಗುಡಿಸುವುದು ಯುವಕ ಮಂಡಲದ ಶ್ರಮದಾನ. ಟೀಚರ್‌ಗಳು ಆ ದಿನ ಕುರ್ಚಿ ಮುಟ್ಟಬಾರದು.

---

ಬಜಪೆಯ ಅಮ್ಮ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಸಂಜೆ ಸಭೆ ಆಯಿತು, ಅದರ ವಿಷಯ ಹೇಳುತ್ತೇನೆ.

ಸೀರೆ ಬಿಟ್ಟೆವು. ಸೀರೆಯ ಮಾತು ಎತ್ತಿದವರೇ ಇದನ್ನೆಲ್ಲ ಓದಿ ಮೊದಲು ಒಪ್ಪಿದರು, ಅವರ ದೊಡ್ಡ ಮನಸ್ಸು. ಬುಧವಾರದಿಂದ ಮಧ್ಯಾಹ್ನದ ಹೊತ್ತಿಗೆ ದಿನಾ ಇಬ್ಬರು, ಎಂಟು ಜನ ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಇಬ್ಬರು ಅಪ್ಪಂದಿರು. ರೆಕ್ಕೆ, ಕಿರೀಟ, ಎಲ್ಲ ರಟ್ಟಿನ ಕೆಲಸ ಇನ್ನು ನಮ್ಮ ಮನೆಯಲ್ಲಿ. ಮುಖ್ಯ ಶಿಕ್ಷಕಿ ಮೊದಲು "ಏನೂ ಬೇಡ, ಪರವಾಗಿಲ್ಲ" ಎಂದೇ ಹೇಳಿದರು, ನಲಿಕಲಿ ಟೀಚರ್ ಹೇಳಿದ ಹಾಗೆಯೇ. ನಾನು ದಿನ, ಗಂಟೆ, ಹೆಸರು ಬರೆದ ಹಾಳೆಯನ್ನು ಎದುರಿಗೆ ಇಟ್ಟೆ. ಸ್ವಲ್ಪ ಹೊತ್ತು ನೋಡಿ "ಬುಧವಾರ ಬನ್ನಿ" ಎಂದರು.

ಗೌರವ ಶಿಕ್ಷಕಿಯರ ಬಾಕಿಯ ಬಗ್ಗೆ ಕೇಳಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ತಿಂಗಳದ್ದು ಬಾಕಿ ಉಂಟು. ವಾರ್ಷಿಕೋತ್ಸವದ ಎಲ್‌ಇಡಿ ಪರದೆ ಕ್ಯಾನ್ಸಲ್ ಮಾಡಿ ಒಂದು ತಿಂಗಳದ್ದು ಕೊಡುವುದು ಎಂದು ನಿರ್ಣಯ ಆಯಿತು, ಇನ್ನೊಂದು ತಿಂಗಳದ್ದಕ್ಕೆ ಹಳೆ ವಿದ್ಯಾರ್ಥಿಗಳ ಹತ್ತಿರ ನಾಳೆ ಮಾತಾಡುತ್ತೇವೆ. ಖಾಲಿ ಹುದ್ದೆಯ ಬಗ್ಗೆ ಅರ್ಜಿಯೂ ಬರೆದಾಯಿತು, ಹಳೆಯಂಗಡಿ ಅಣ್ಣನಿಗೆ ಹೇಳುತ್ತಿದ್ದೇನೆ, ಹಿಂಬರಹ ಖಂಡಿತ ತೆಗೆದುಕೊಳ್ಳುತ್ತೇವೆ.

ನಮ್ಮ ಅಡುಗೆ ಕೋಣೆಯ ಗ್ರೈಂಡರ್ ಸರಿ ಇದೆ. ಆದರೆ ದೊಡ್ಡ ಅನ್ನದ ಪಾತ್ರೆಗೆ ಮುಚ್ಚಳ ಇಲ್ಲ, ಇಷ್ಟು ದಿನ ಹಳೆಯ ತಗಡು ಮುಚ್ಚುತ್ತಿದ್ದರಂತೆ. ಬಜಪೆ, ಕಟೀಲು, ಕಿನ್ನಿಗೋಳಿ ಕಡೆ ಯಾರ ಮನೆಯಲ್ಲಾದರೂ ಮದುವೆ ಅಡುಗೆಯ ದೊಡ್ಡ ಸ್ಟೀಲ್ ಮುಚ್ಚಳ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ಮೆಸೇಜ್ ಮಾಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅಳತೆ ಎರಡು ಮುಕ್ಕಾಲು ಅಡಿ. ಮಗ ಪರದೆ ಎಳೆಯಲು ಒಪ್ಪಿದ್ದಾನೆ, ಇವತ್ತು ಹೊಟ್ಟೆನೋವು ಎನ್ನಲಿಲ್ಲ.